ಓಲ್ಡ್ ವಾರ್ಡನ್‌ಗೆ ಅರ್ಧ ದಿನ ಸಾಲದು, ಗಾಳಿ ನಿಲ್ಲುವವರೆಗೆ ಕುಳಿತಿರಿ

ಜೂನ್ ತಿಂಗಳಲ್ಲಿ ತಂದೆಯವರನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗುವಾಗ, ಬೆಳಿಗ್ಗೆ ಡಕ್ಸ್‌ಫರ್ಡ್‌ನ ವಿಮಾನ ಸಂಗ್ರಹಾಲಯ ನೋಡಿ, ಅದೇ ದಿನ ಮಧ್ಯಾಹ್ನದ ಮೇಲೆ ಓಲ್ಡ್ ವಾರ್ಡನ್‌ನ ಶಟಲ್‌ವರ್ತ್ ಸಂಗ್ರಹದ ಹಳೆಯ ವಿಮಾನಗಳನ್ನೂ ನೋಡಿ ಮುಗಿಸಿ, ಕತ್ತಲಾಗುವ ಮೊದಲು ಲಂಡನ್ ಸೇರಬಹುದೇ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನನ್ನ ತಂದೆಯವರಿಗಾಗಿ ನಾನು ಹಾಕಿದ್ದ ಲೆಕ್ಕವೂ ಹೆಚ್ಚು ಕಡಿಮೆ ಇದೇ ಆಗಿತ್ತು. ಆ ಲೆಕ್ಕದಿಂದ ಅವರಿಗೆ ತಪ್ಪಿಹೋದದ್ದು ಮತ್ತೆ ಅವರಿಗೆ ಸಿಗಲಿಲ್ಲ.

ನಮ್ಮದು ಕಾಸರಗೋಡಿನ ಪೆರ್ಲದ ಕಡೆ ಗುಡ್ಡದ ಬುಡದಲ್ಲಿರುವ ಅಡಿಕೆ ತೋಟದ ಮನೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ನೀರು ಸಾಲದೆ ಹೋದ ಬೇಸಗೆಗಳಲ್ಲಿ ಕೆರೆಯಿಂದ ತೋಟಕ್ಕೆ ನೀರೆತ್ತುತ್ತಿದ್ದುದು ಅಪ್ಪನ ಪಂಪುಗಳು: ಮೊದಲು ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥದ್ದು, ಆಮೇಲೆ ಐದು ಅಶ್ವಶಕ್ತಿಯ ಡೀಸೆಲ್ ಪಂಪು. ನಲವತ್ತು ವರ್ಷ ಅವುಗಳನ್ನು ಬಿಚ್ಚಿ ಜೋಡಿಸಿದವರು ಅವರೇ, ಮೆಕ್ಯಾನಿಕ್ಕನ್ನು ಕರೆಸಿದ ನೆನಪು ನನಗಿಲ್ಲ. ಆದರೆ ಹಾರುವ ಯಂತ್ರಗಳ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ತಲೆಯ ಮೇಲೆ ತೀರ ಕೆಳಗೆ ಹಾರುತ್ತಿದ್ದುದು ಗೇರುತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸುರಿಯುವ ಹೆಲಿಕಾಪ್ಟರ್ ಒಂದೇ. ಅದರ ಸದ್ದು ಕೇಳಿದರೆ ಅಮ್ಮ ಬಾವಿ ಮುಚ್ಚಲು ಓಡುತ್ತಿದ್ದರು. ಹಾಗಾಗಿ ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಹೋದಾಗ ವಿಮಾನ ನೋಡಲು ಹೋಗೋಣವೆಂದರೆ ಅವರು ಒಪ್ಪುವುದೇ ಅನುಮಾನವಾಗಿತ್ತು. ಹಳೆಯ ಎಂಜಿನ್ನುಗಳಿವೆ, ಇನ್ನೂ ಓಡುತ್ತವೆ ಎಂದು ಹೇಳಿದ ಮೇಲೆ ಹೊರಟರು.

ಓಲ್ಡ್ ವಾರ್ಡನ್ ಬೆಡ್‌ಫರ್ಡ್‌ಶೈರಿನ ಒಂದು ಸಣ್ಣ ಹಳ್ಳಿ. ಹತ್ತಿರದ ರೈಲು ನಿಲ್ದಾಣ ಬಿಗಲ್ಸ್‌ವೇಡ್, ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ. ಹುಲ್ಲಿನ ಮೈದಾನವೇ ರನ್‌ವೇ, ಅದರ ಅಂಚಿನಲ್ಲಿ ಸಾಲು ಹ್ಯಾಂಗರುಗಳು. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದು ಎಂಥ ವಿಮಾನದಲ್ಲಿಯೋ, ಅದೇ ಮಾದರಿಯ, ಅದೇ ವರ್ಷ ತಯಾರಾದ ಒಂದು ಬ್ಲೇರಿಯೋ ಅಲ್ಲಿದೆ. ಮರದ ಚೌಕಟ್ಟು, ಅದಕ್ಕೆ ಬಿಗಿದ ತಂತಿಗಳು, ಬಟ್ಟೆ ಹೊದಿಸಿದ ರೆಕ್ಕೆಗಳು, ಮುಂದೆ ಮೂರು ಸಿಲಿಂಡರಿನ ಆಂಜಾನಿ ಎಂಜಿನ್. ಅದರ ಶಕ್ತಿ 25 ಅಶ್ವಶಕ್ತಿ ಎಂದು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಐದು ಪಂಪು" ಎಂದರು. ಅಲ್ಲಿಂದ ಮುಂದೆ ಅವರು ನನ್ನ ವಿವರಣೆಗೆ ಕಾಯಲಿಲ್ಲ.

ಸಾಪ್‌ವಿತ್ ಪಪ್ ಎಂಬ ಮೊದಲನೆಯ ಮಹಾಯುದ್ಧದ ಕಾಲದ ಮಾದರಿಯ ವಿಮಾನದ ಬಳಿ ಅವರು ಬಗ್ಗಿದರು. ಎಂಜಿನ್ನಿನ ಕೆಳಗೆ ತಗಡಿನ ತಟ್ಟೆಯೊಂದನ್ನು ಇಟ್ಟಿದ್ದರು, ಅದರಲ್ಲಿ ದಪ್ಪಗೆ ಎಣ್ಣೆ ತೊಟ್ಟಿಕ್ಕಿತ್ತು. ಮೂಗನ್ನು ಹತ್ತಿರ ತಂದು, "ಇದು ಹರಳೆಣ್ಣೆ" ಎಂದರು. ನಾನು ನಂಬಲಿಲ್ಲ. ಪಕ್ಕದಲ್ಲಿದ್ದ ಕೆಲಸಗಾರರನ್ನು ಕೇಳಿದೆ, ಅಪ್ಪ ಹೇಳಿದ್ದೇ ಸರಿ. ಈ ಜಾತಿಯ ರೋಟರಿ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ವಿಮಾನಕ್ಕೆ ಬಿಗಿಯಾಗಿ ನಿಂತಿರುತ್ತದೆ. ಸಿಲಿಂಡರುಗಳೆಲ್ಲ ಪ್ರೊಪೆಲ್ಲರಿನೊಂದಿಗೆ ಗಿರ್ರನೆ ತಿರುಗುತ್ತವೆ. ಪೆಟ್ರೋಲಿನ ಆವಿ ಒಳಗಿನಿಂದಲೇ ಹಾದು ಹೋಗುವುದರಿಂದ ಸಾಮಾನ್ಯ ಖನಿಜ ಎಣ್ಣೆ ಹಾಕಿದರೆ ಪೆಟ್ರೋಲು ಅದನ್ನು ತೆಳುವಾಗಿಸಿ ತೊಳೆದುಬಿಡುತ್ತದೆ, ಹರಳೆಣ್ಣೆ ಮಾತ್ರ ಸುಲಭಕ್ಕೆ ಬೆರೆಯುವುದಿಲ್ಲ. ಒಳಗೆ ಹೋದ ಎಣ್ಣೆ ಮರಳಿ ಟ್ಯಾಂಕಿಗೆ ಬರುವುದಿಲ್ಲ, ಹೊಗೆಯೊಂದಿಗೆ ಹೊರಕ್ಕೆ ಎರಚಿಹೋಗುತ್ತದೆ. ಹೊಟ್ಟೆ ಕೆಟ್ಟ ಮಕ್ಕಳಿಗೆ ಅಜ್ಜಿ ಕುಡಿಸುತ್ತಿದ್ದ ಎಣ್ಣೆಯಿಂದ ಯುದ್ಧದ ವಿಮಾನಗಳು ಹಾರಿದ್ದವು ಎಂಬುದನ್ನು ಅಪ್ಪ ಊರಿಗೆ ಬಂದ ಮೇಲೆ ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ.

ಸಂಗ್ರಹವನ್ನು ಆರಂಭಿಸಿದ ರಿಚರ್ಡ್ ಶಟಲ್‌ವರ್ತ್ ಹುಟ್ಟಿದ್ದು ಬ್ಲೇರಿಯೋ ಕಡಲು ದಾಟಿದ ತಿಂಗಳಿನಲ್ಲಿಯೇ. 1933ರಲ್ಲಿ ದೆಹಲಿಯ ವೈಸ್‌ರಾಯ್ ಪಾರಿತೋಷಕದ ವಿಮಾನ ಪಂದ್ಯಕ್ಕಾಗಿ ಅವರು ಇಂಗ್ಲೆಂಡಿನಿಂದ ಕಾಂಪರ್ ಸ್ವಿಫ್ಟ್ ಎಂಬ ಪುಟ್ಟ ವಿಮಾನದಲ್ಲಿ ಹಾರಿಕೊಂಡು ನಮ್ಮ ದೇಶಕ್ಕೆ ಬಂದಿದ್ದರು. 1940ರಲ್ಲಿ, 31ನೆಯ ವಯಸ್ಸಿನಲ್ಲಿ, ವಾಯುಪಡೆಯಲ್ಲಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1944ರಲ್ಲಿ ಅವರ ತಾಯಿ ಡೊರೊಥಿ ಶಟಲ್‌ವರ್ತ್ ಮಗನ ನೆನಪಿಗೆ ಸ್ಥಾಪಿಸಿದ ಟ್ರಸ್ಟ್ ಇಂದಿಗೂ ಈ ಸಂಗ್ರಹವನ್ನು ನಡೆಸುತ್ತಿದೆ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವ "ಕತ್ತಲಾಗುವ ಮೊದಲು" ಎಂಬ ಮಾತಿನಲ್ಲಿಯೇ ಅದು ಅಡಗಿದೆ. ನಾವು ಹೋದದ್ದು ಸಂಜೆಯ ಹಾರಾಟ ಪ್ರದರ್ಶನದ ದಿನ. ಸಂಜೆ ಎಂದು ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ನಮ್ಮೂರಿನ ಸಂಜೆ. ಕಾಸರಗೋಡಿನಲ್ಲಿ ವರ್ಷವಿಡೀ ಆರರಿಂದ ಏಳು ಗಂಟೆಯ ಒಳಗೆ ಸೂರ್ಯ ಕಂತುತ್ತಾನೆ, ಏಳೂವರೆಗೆ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತದೆ. ಬೆಳಕಿಲ್ಲದೆ ಇಂಥ ವಿಮಾನಗಳನ್ನು ಯಾರೂ ಹಾರಿಸುವುದಿಲ್ಲ, ಆದ್ದರಿಂದ ಏಳೂವರೆಯ ಹೊತ್ತಿಗೆ ಎಲ್ಲವೂ ಮುಗಿದಿರಲೇಬೇಕು ಎಂದು ತರ್ಕಿಸಿ, ಬರುವಾಗಲೇ ಟ್ಯಾಕ್ಸಿಯವರಿಗೆ ಏಳೂವರೆಗೆ ಬರಲು ಹೇಳಿಬಿಟ್ಟೆ. ಇಂಗ್ಲೆಂಡಿನ ಆ ಭಾಗದಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆ ದಾಟಿದ ಮೇಲೆ. ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಳೆದಿದ್ದ ನನಗೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ; ರಾತ್ರಿ ಒಂಬತ್ತಕ್ಕೆ ಕಿಟಕಿಯ ಪರದೆ ಎಳೆದು ಅಪ್ಪನನ್ನು ಮಲಗಿಸಿದವನು ನಾನೇ. ಕಣ್ಣು ಕಂಡದ್ದನ್ನು ಲೆಕ್ಕಕ್ಕೆ ಸೇರಿಸಲಿಲ್ಲ, ಅಷ್ಟೇ. ಕಾರ್ಯಕ್ರಮದ ಪಟ್ಟಿಯನ್ನು ಬಾಗಿಲಲ್ಲಿಯೇ ಕೇಳಬಹುದಿತ್ತು, ಕೇಳಲಿಲ್ಲ. ಮಧ್ಯಾಹ್ನವೇ ಟ್ಯಾಕ್ಸಿಯವರಿಗೆ ಫೋನ್ ಮಾಡಿ ಸಮಯ ಬದಲಾಯಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಬಹಳ ಹಳೆಯ ವಿಮಾನಗಳನ್ನು ಮೊದಲು ಹಾರಿಸಿ ಆಮೇಲೆ ಹೊಸ ಕಾಲದವುಗಳಿಗೆ ಬರುತ್ತಾರೆ ಎಂದೂ ನಾನು ಭಾವಿಸಿದ್ದೆ.

ನಡೆಯುವುದು ಇದಕ್ಕೆ ತಿರುವುಮುರುವಾಗಿ. ಬ್ಲೇರಿಯೋದಂಥ ವಿಮಾನದಲ್ಲಿ ಪಕ್ಕಕ್ಕೆ ವಾಲಿದ್ದನ್ನು ಸರಿಪಡಿಸಲು ಈಗಿನ ವಿಮಾನಗಳಲ್ಲಿರುವಂತೆ ರೆಕ್ಕೆಯ ಹಿಂಬದಿಯ ಮಡಚುಪಟ್ಟಿಗಳಿಲ್ಲ, ತಂತಿ ಎಳೆದು ಇಡೀ ರೆಕ್ಕೆಯನ್ನೇ ತುಸು ತಿರುಚಬೇಕು. ಅದು ನಿಧಾನವಾದ, ದುರ್ಬಲವಾದ ಹಿಡಿತ. ಎಂಜಿನ್ನಿಗೆ ಮಿಕ್ಕ ಶಕ್ತಿಯೂ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ಏಳುವ ಒಂದು ಸಣ್ಣ ಗಾಳಿಯ ಅಲೆ ಸಾಕು, ಪೈಲಟ್ ಕಷ್ಟಕ್ಕೆ ಸಿಲುಕುತ್ತಾನೆ. ನೆಲ ತಣ್ಣಗಾಗಿ, ಗಾಳಿ ಬಹುತೇಕ ನಿಂತುಹೋದ ಮೇಲೆಯೇ, ಅಂದರೆ ಪ್ರದರ್ಶನದ ಕಟ್ಟಕಡೆಯಲ್ಲಿ, ಸೂರ್ಯ ಮರಗಳ ಹಿಂದೆ ಇಳಿದಾಗ ಅವುಗಳನ್ನು ಹೊರಗೆ ತೆಗೆಯುತ್ತಾರೆ. ಗಾಳಿ ನಿಲ್ಲದಿದ್ದರೆ ತೆಗೆಯುವುದೇ ಇಲ್ಲ.

ಏಳೂವರೆಗೆ ನಾವು ಗೇಟಿನ ಕಡೆಗೆ ನಡೆಯುತ್ತಿದ್ದಾಗ ಹ್ಯಾಂಗರಿನ ಮುಂದೆ ನಾಲ್ಕೈದು ಜನ ಬಟ್ಟೆಯ ರೆಕ್ಕೆಯ ವಿಮಾನವೊಂದನ್ನು ತಳ್ಳಿಕೊಂಡು ಬರುತ್ತಿದ್ದರು. ಅದು 1912ರ ಬ್ಲ್ಯಾಕ್‌ಬರ್ನ್, ಬ್ರಿಟನ್ನಿನಲ್ಲಿ ತಯಾರಾಗಿ ಇಂದಿಗೂ ಹಾರಬಲ್ಲ ವಿಮಾನಗಳಲ್ಲಿ ಎಲ್ಲಕ್ಕಿಂತ ಹಳೆಯದು. ಮದುವಣಗಿತ್ತಿಯನ್ನು ಮಂಟಪಕ್ಕೆ ಕರೆತರುವಷ್ಟು ಜೋಪಾನವಾಗಿ ಅವರು ಅದರ ರೆಕ್ಕೆಯ ತುದಿ ಹಿಡಿದಿದ್ದರು. ಗಾಳಿ ತೋರಿಸಲು ಕಂಬದ ಮೇಲೆ ಕಟ್ಟಿದ ಬಟ್ಟೆಯ ಚೀಲ ಜೋತುಬಿದ್ದಿತ್ತು. ಅಪ್ಪ ನಿಂತರು. "ಆಟ ಮುಗಿಯದೆ ಏಳುವುದು ಹೇಗೆ ಮಗಾ?" ಎಂದರು. ಇಡೀ ರಾತ್ರಿ ಬಯಲಾಟ ನೋಡಿ ಬೆಳೆದವರು ಅವರು. ದೊಡ್ಡ ವೇಷಗಳು ರಂಗಕ್ಕೆ ಬರುವುದು ಯಾವಾಗ ಎಂದು ಅವರಿಗೆ ಗೊತ್ತಿತ್ತು. ಟ್ಯಾಕ್ಸಿಯವರಿಗೆ ಬೇರೆ ಬಾಡಿಗೆ ಇತ್ತು, ಅವರು ಕಾಯುವಂತಿರಲಿಲ್ಲ. ಎಪ್ಪತ್ತೈದು ದಾಟಿದ ಅಪ್ಪನೊಂದಿಗೆ ರಾತ್ರಿ ಆ ಹಳ್ಳಿಯಲ್ಲಿ ಸಿಕ್ಕಿಬಿದ್ದರೆ ಎಂಬ ಭಯದಿಂದ ನಾನು ಅವರ ಕೈ ಹಿಡಿದು ಕಾರು ಹತ್ತಿಸಿದೆ. ಬಿಗಲ್ಸ್‌ವೇಡ್ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಇನ್ನೂ ಹಾಡುಹಗಲಿನಂಥ ಬೆಳಕಿತ್ತು. ಅಪ್ಪ ಆಕಾಶ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಮರುವರ್ಷ ಅವರ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು, ದೂರದ ಪ್ರಯಾಣ ಅಲ್ಲಿಗೆ ನಿಂತಿತು. ಕೆಲವು ವರ್ಷಗಳ ಬಳಿಕ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ನಾನೊಬ್ಬನೇ ಮತ್ತೊಂದು ಸಂಜೆಯ ಪ್ರದರ್ಶನಕ್ಕೆ ಹೋಗಿ ಕೊನೆಯವರೆಗೆ ಕುಳಿತೆ. ಬ್ಲ್ಯಾಕ್‌ಬರ್ನ್ ಹುಲ್ಲಿನಿಂದ ಮೇಲಕ್ಕೆದ್ದು ಮರದ ತಲೆಗಳ ಎತ್ತರದಲ್ಲಿ ಒಂದು ಸುತ್ತು ಬಂದು ಇಳಿಯಿತು. ಅದರ ನೋಮ್ ಎಂಜಿನ್ನಿಗೆ ಈಗಿನಂಥ ಥ್ರಾಟಲ್ ಇಲ್ಲ. ವೇಗ ತಗ್ಗಿಸಲು ಪೈಲಟ್ ಗುಂಡಿಯೊಂದನ್ನು ಒತ್ತಿ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನೇ ತಡೆದು, ಮತ್ತೆ ಬಿಡುತ್ತಾನೆ. ಹಾಗಾಗಿ ಇಳಿಯುವಾಗ ಸದ್ದು ನಿಂತು, ಹೊರಟು, ಮತ್ತೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹರಳೆಣ್ಣೆಯ ಹೊಗೆಯ ವಾಸನೆ ನಾನು ಕುಳಿತಲ್ಲಿಗೆ ಬಂತು. ಫೋನಿನಲ್ಲಿ ಆ ಸದ್ದನ್ನು ಹಿಡಿದುಕೊಂಡು ಬಂದೆ. ಊರಿನಲ್ಲಿ ಜಗಲಿಯ ಮೇಲೆ ಕುಳಿತು ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದರು. ನಾನು ಏನನ್ನೂ ಹೇಳುವ ಮೊದಲೇ, "ಮ್ಯಾಗ್ನೆಟೋ ತಡೆಯುತ್ತಿದ್ದಾನೆ" ಎಂದರು. ಅವರು ಅದನ್ನು ಕಣ್ಣಿನಿಂದ ನೋಡಬೇಕಿತ್ತು.

ಆದ್ದರಿಂದ ಅರ್ಧ ದಿನ ಸಾಕೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಡಕ್ಸ್‌ಫರ್ಡ್, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಕೂಡ ಇರುವ ಬಹುದೊಡ್ಡ ಸಂಗ್ರಹಾಲಯ, ಅದಕ್ಕೆ ಬೇರೆಯೇ ದಿನ ಕೊಡಿ. ದಿನ ಒಂದೇ ಇದ್ದರೆ ಡಕ್ಸ್‌ಫರ್ಡನ್ನು ಬಿಡಿ. ಓಲ್ಡ್ ವಾರ್ಡನ್‌ಗೆ ಸಂಜೆಯ ಪ್ರದರ್ಶನವಿರುವ ದಿನವನ್ನೇ ಆರಿಸಿ, ಆ ದಿನ ಲಂಡನ್ನಿಗೆ ಮರಳುವ ಹಟ ಬೇಡ, ಬಿಗಲ್ಸ್‌ವೇಡ್ ಕಡೆಯಲ್ಲಿಯೇ ಉಳಿಯಿರಿ. ಟ್ಯಾಕ್ಸಿಯನ್ನು ಹೊತ್ತು ಮುಳುಗಿದ ಮೇಲಿನ ಸಮಯಕ್ಕೆ ಹೇಳಿ. ಹವಾಮಾನ ಕೈಕೊಟ್ಟು ಹಳೆಯವು ಹಾರದೆ ಹೋದರೆ ಬೇಸರಿಸಬೇಡಿ. ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ವಿಮಾನವನ್ನು ಗಾಳಿಗೆ ಬಿಡದಿರುವುದೇ ಅವರ ಜವಾಬ್ದಾರಿ. ಹ್ಯಾಂಗರುಗಳಲ್ಲಿ ವಿಮಾನಗಳು ಕೈಯಳತೆಯ ದೂರದಲ್ಲಿರುತ್ತವೆ, ಮುಟ್ಟದೆ ನೋಡಿ, ಆದರೆ ಕೆಲಸ ಮಾಡುತ್ತಿರುವವರನ್ನು ಮಾತನಾಡಿಸಲು ಸಂಕೋಚಪಡಬೇಡಿ. ತಾಯಿಯವರೂ ಬರುವುದಾದರೆ ಪಕ್ಕದಲ್ಲಿಯೇ ಸ್ವಿಸ್ ಗಾರ್ಡನ್ ಎಂಬ ಹಳೆಯ ತೋಟವಿದೆ, ಹಗಲಿನ ಹೊತ್ತು ಅಲ್ಲಿ ಕಳೆಯಬಹುದು. ಮಡಚುವ ಕುರ್ಚಿ ಇದ್ದರೆ ಹಿರಿಯರಿಗೆ ಅನುಕೂಲ. ಎಂಟೂವರೆಯ ಬಳಿಕ ಜೂನ್‌ನಲ್ಲಿಯೂ ಆ ಹುಲ್ಲಿನ ಮೈದಾನದಲ್ಲಿ ಚಳಿ ಏರುತ್ತದೆ, ತಂದೆಯವರಿಗೆ ಸ್ವೆಟರು, ಮಫ್ಲರು ಇಟ್ಟುಕೊಳ್ಳಿ. ಎಂಜಿನ್ ಚಾಲೂ ಮಾಡುವಾಗ ಮಾತ್ರ ಮಫ್ಲರನ್ನು ಕಿವಿಯಿಂದ ಸರಿಸಲು ಹೇಳಿ.