ಓದುಗರ ಪ್ರಶ್ನೆ: ಊರಿನ ರಾಗ ಟಿವಿಗೆ ಆಗಲ್ವಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಹವ್ಯಕರ ಮನೆ. ಮಗಳಿಗೆ ಟಿವಿಯಲ್ಲಿ ಉದ್ಘೋಷಕಿ ಆಗುವ ಆಸೆ. ಒಂದು ಚಾನೆಲ್‌ನ ಧ್ವನಿ ಪರೀಕ್ಷೆಗೆ ಹೋದಾಗ ‘ಓದು ಚೆನ್ನಾಗಿದೆ, ಊರಿನ ರಾಗ ಬಿಟ್ಟು ಬನ್ನಿ’ ಅಂದರಂತೆ. ಈಗ ಮನೆಯಲ್ಲೂ ಬೆಂಗಳೂರಿನವರ ಹಾಗೆ ಮಾತಾಡುತ್ತಾಳೆ, ಅವಳ ಅಜ್ಜಿಗೆ ನಗುವೋ ನಗು. ಇದೆಲ್ಲ ಬೇಕಾ?
– ಓದುಗರು, ಶಿರಸಿ

ಉತ್ತರ: ಮನೆಯಲ್ಲಿ ಬೇಡ. ಮೈಕ್ ಮುಂದೆ ಸ್ವಲ್ಪ ಬೇಕು, ಆದರೆ ಅವರು ಹೇಳಿದಷ್ಟಲ್ಲ.

ನಿಮ್ಮಲ್ಲಿ ‘ಅಕ್ಕ ಬಂತು’ ಅನ್ನುವುದು ಸಹಜ, ಪ್ರೀತಿಯ ಮಾತು. ಅದನ್ನೇ ಟಿವಿಯಲ್ಲಿ ‘ಸಚಿವೆ ಬಂತು’ ಅಂದರೆ ಬೀದರ್‌ನಲ್ಲಿ ಕೂತವರಿಗೆ ಅವಮಾನದ ಹಾಗೆ ಕೇಳುತ್ತದೆ. ಅಂಥದ್ದನ್ನು ತಿದ್ದಿಕೊಳ್ಳಲೇಬೇಕು. ಆದರೆ ಮಾತು ಏರುವ, ಇಳಿಯುವ ರೀತಿ ಇದೆಯಲ್ಲ, ಅದು ಶಿರಸಿಯದಾಗಿದ್ದರೆ ಯಾರಿಗೇನು ನಷ್ಟ? ಬೆಂಗಳೂರಿನ ಮಾತಿಗೂ ಒಂದು ರಾಗ ಇದೆ, ದಿನಾ ಕೇಳಿ ಕೇಳಿ ಅದು ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಇದು ನಮ್ಮಲ್ಲಿ ಮಾತ್ರ ಇರುವ ಜಗಳವೂ ಅಲ್ಲ. ಬಿಬಿಸಿಯವರು 1926ರಲ್ಲೇ ಉಚ್ಚಾರ ನಿರ್ಧರಿಸಲು ಒಂದು ಸಮಿತಿ ಮಾಡಿದರು. ಕವಿ ರಾಬರ್ಟ್ ಬ್ರಿಜಸ್ ಅದರ ಅಧ್ಯಕ್ಷರು, ಅವರ ನಂತರ ಬರ್ನಾರ್ಡ್ ಶಾ. ಉದ್ಘೋಷಕರೆಲ್ಲ ದಕ್ಷಿಣ ಇಂಗ್ಲೆಂಡಿನ ಓದಿದ ಮನೆತನದವರ ಒಂದೇ ಧಾಟಿಯಲ್ಲಿ ಮಾತಾಡುತ್ತಿದ್ದ ಕಾಲ ಅದು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರ್‌ನ ವಿಲ್‌ಫ್ರೆಡ್ ಪಿಕಲ್ಸ್ ಅವರನ್ನು ರೇಡಿಯೋ ವಾರ್ತೆ ಓದಲು ಕೂರಿಸಿದರು. ಅವರು ತಮ್ಮೂರಿನ ಧಾಟಿಯಲ್ಲೇ ಓದಿ, ಉತ್ತರದ ಜನಕ್ಕೆ ಅವರದೇ ಮಾತಲ್ಲಿ ಶುಭರಾತ್ರಿ ಹೇಳಿದರು. ಆ ಧಾಟಿಯನ್ನು ಜರ್ಮನ್ನರು ನಕಲು ಮಾಡಿ ಸುಳ್ಳು ವಾರ್ತೆ ಓದುವುದು ಕಷ್ಟ ಅನ್ನುವ ಲೆಕ್ಕವೂ ಅದರ ಹಿಂದೆ ಇತ್ತು ಅನ್ನುತ್ತಾರೆ. ಕೇಳುಗರಿಂದ ದೂರು ಬಂತು. ಇವತ್ತು ನೋಡಿ, ಅಲ್ಲಿನ ಟಿವಿಯಲ್ಲಿ ಕಾರ್ಯಕ್ರಮಗಳ ನಡುವೆ ಕೇಳುವ ದನಿಗಳಲ್ಲಿ ಸ್ಕಾಟ್ಲೆಂಡ್, ವೇಲ್ಸ್ ಎಲ್ಲ ಸಿಗುತ್ತವೆ.

ನಮ್ಮಲ್ಲಿ ರೇಡಿಯೋ ಮೈಸೂರಿನಲ್ಲಿ 1935ರಲ್ಲಿ ಶುರುವಾಯಿತು, ಧಾರವಾಡ ಕೇಂದ್ರ 1950ರಲ್ಲಿ ಬಂತು. ಹಾಗಾಗಿ ಕನ್ನಡದ ಕಿವಿ ಒಂದೇ ಊರಿಗೆ ಅಂಟಿಕೊಳ್ಳಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಬಂದ ಮೇಲೆ ಟಿವಿ ಕನ್ನಡ ಅಂದರೆ ಬೆಂಗಳೂರು ಕನ್ನಡ ಅನ್ನುವ ಹಾಗಾಯಿತು, ಖಾಸಗಿ ಚಾನೆಲ್‌ಗಳು ಬಂದ ಮೇಲಂತೂ ಕೇಳೋದೇ ಬೇಡ. (ಪ್ರತಿ ವಾಕ್ಯದ ಕೊನೆಯನ್ನು ಇಂಗ್ಲಿಷ್‌ನವರ ಹಾಗೆ ಮೇಲಕ್ಕೆ ಎಳೆಯುವವರಿಗೆ ಯಾವ ಪರೀಕ್ಷೆಯಲ್ಲೂ ಯಾರೂ ಏನೂ ಹೇಳುವುದಿಲ್ಲ, ಅಲ್ವಾ?)

ಮಗಳಿಗೆ ಹೇಳಿ: ರಾಗದ ಚಿಂತೆ ಬಿಟ್ಟು ಅಕ್ಷರ ನೋಡಿಕೊಳ್ಳಲಿ. ಹಾಳೆಯ ಸಣ್ಣ ಚೂರನ್ನು ತುಟಿಯ ಮುಂದೆ ಹಿಡಿದು ‘ಕ’ ಅಂದರೆ ಅದು ಹೆಚ್ಚು ಅಲುಗಬಾರದು, ‘ಖ’ ಅಂದರೆ ಹಾರಬೇಕು. ಹಾಗೆ ಹಾರಿದ ಉಸಿರು ನೇರ ಮೈಕ್‌ಗೆ ಬಡಿದರೆ ಡಬ್ ಅಂತ ಸದ್ದು ಬರುತ್ತದೆ. ಅದಕ್ಕೆ ಮೈಕನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ನಿಮ್ಮ ಕಡೆ ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಇದ್ದೇ ಇರುತ್ತದೆ. ಅದರಲ್ಲಿ ಪಾತ್ರವಾಗಿ ಮಾತಾಡುವ ಒಳ್ಳೆ ಅರ್ಥಧಾರಿ ಮಹಾಪ್ರಾಣವನ್ನು ಉಬ್ಬಸ ಇಲ್ಲದೆ ಹೇಗೆ ಹೇಳುತ್ತಾರೆ ಅಂತ ಮುಂದಿನ ಸಾಲಲ್ಲಿ ಕೂತು ಕೇಳಲಿ.

ಪ್ರಶ್ನೆ: ಮನೆಮಾತು ಕೊಂಕಣಿ. ಕನ್ನಡ ಓದಿದರೆ ಗೆಳೆಯರು ‘ಗೊತ್ತಾಯ್ತು, ಕಾರವಾರ’ ಅನ್ನುತ್ತಾರೆ. ಎಲ್ಲಿ ಗೊತ್ತಾಗುತ್ತದೆ?
– ಓದುಗ, ಕಾರವಾರ

ಉತ್ತರ: ಹೆಚ್ಚಾಗಿ ‘ಚ’, ‘ಜ’ ಅಕ್ಷರಗಳಲ್ಲಿ. ಕೊಂಕಣಿಯಲ್ಲಿ ಇವಕ್ಕೆ ಎರಡೆರಡು ದನಿ ಇವೆ, ಹಲ್ಲಿನ ಹತ್ತಿರ ನಾಲಿಗೆ ಹೋಗುವುದು ಒಂದು. ಅದೇ ಅಭ್ಯಾಸದಲ್ಲಿ ‘ಜನ’ ಅಂದಾಗ ಜ ಸ್ವಲ್ಪ ಸೀಳುತ್ತದೆ. ಆಮೇಲೆ ‘ಅ’ ಹೇಳುವಾಗ ನಿಮ್ಮ ತುಟಿ ಸ್ವಲ್ಪ ದುಂಡಗಾಗುತ್ತದೆ, ಕನ್ನಡಿ ಮುಂದೆ ನಿಂತರೆ ಕಾಣುತ್ತದೆ. ಉದ್ಘೋಷಣೆಗೆ ಹೋಗುವುದಾದರೆ ಜ ಮಾತ್ರ ತಿದ್ದಿಕೊಳ್ಳಿ. ಉಳಿದದ್ದಕ್ಕೆ ‘ಹೌದು, ಕಾರವಾರ’ ಅಂದರೆ ಸಾಕು.

ಪ್ರಶ್ನೆ: ಟಿವಿಯವರು ‘ಅಗನಾಶಿನಿ’, ‘ಬಟ್ಕಳ’, ‘ಯಾನದ ಬಂಡೆ’ ಅಂದಾಗ ಮೈ ಉರಿಯುತ್ತದೆ. ನನ್ನದು ಅತಿಯಾಯ್ತಾ?
– ಓದುಗರು, ಕುಮಟಾ

ಉತ್ತರ: ಏನೂ ಅತಿಯಾಗಲಿಲ್ಲ. ಇದು ಧಾಟಿಯ ವಿಷಯವೇ ಅಲ್ಲ, ಸುಮ್ನೆ ಸೋಮಾರಿತನ. ಅಘನಾಶಿನಿ, ಭಟ್ಕಳ, ಯಾಣ ಅಂತ ಅಕ್ಷರ ಎದುರಿಗೇ ಇರುತ್ತದೆ, ಅನುಮಾನ ಬಂದರೆ ಜಿಲ್ಲೆಯ ವರದಿಗಾರರಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಶಿರಸಿ, ಸಿರ್ಸಿ ಎರಡೂ ಬಳಕೆಯಲ್ಲಿವೆ, ಅದಕ್ಕೆ ಮಾತ್ರ ಬೈಯಬೇಡಿ. ಉಳಿದದ್ದಕ್ಕೆ ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಬರೆದು ಚಾನೆಲ್‌ಗೆ ಕಳಿಸಿ. ‘ನಿಮ್ಮ ಕನ್ನಡ ಸರಿ ಇಲ್ಲ’ ಅಂತ ಬರೆದರೆ ಯಾರೂ ನೋಡಲ್ಲ, ಯಾವ ಊರಿನ ಹೆಸರು ಎಲ್ಲಿ ತಪ್ಪಿತು ಅಂತ ಬರೆದರೆ ತಿದ್ದಿಕೊಳ್ಳುವವರು ಇದ್ದಾರೆ.