ಪಾಪು ಟೋಪಿ ಯಾಕೆ ದೊಡ್ಡದಾಯಿತು: ಕಡ್ಡಿ ನಂಬರಿನ ಕಥೆ

ನಿಮ್ಮ ಪೋಸ್ಟನ್ನು ಬೆಳಿಗ್ಗೆ ಮೆಟ್ರೋದಲ್ಲಿ ಓದಿ ಜೋರಾಗಿ ನಕ್ಕುಬಿಟ್ಟೆ. ಕ್ಷಮಿಸಿ. ತಂಗಿಗೆ ಡಿಸೆಂಬರ್‌ನಲ್ಲಿ ಹೆರಿಗೆ. ಹುಟ್ಟುವ ಪಾಪುವಿಗೆ ಅಂತ ಎರಡು ವಾರ ಕೂತು ಟೋಪಿ ಹೆಣೆದಿರಿ. ಅದು ನಿಮ್ಮ ನಾಲ್ಕು ವರ್ಷದ ಮಗನ ತಲೆಗೆ ಅಳತೆ ತೆಗೆದು ಹೆಣೆದ ಹಾಗೆ ಕೂತಿತು! "ಅಮೆರಿಕದ ವಿಡಿಯೋದಲ್ಲಿ ಹೇಳಿದ ಹಾಗೇ 6 ನಂಬರ್ ಕಡ್ಡಿ, 80 ಸ್ಟಿಚ್ ಹಾಕಿದೆ, ನನ್ನ ಕೈಯೇ ಸರಿಯಿಲ್ಲವಾ?" ಅಂತ ಕೇಳಿದ್ದೀರಿ. ಜೊತೆಗೆ ಇಸ್ತ್ರಿ ಮಾಡಿದ ಮೇಲೆ ಅದು ಜೋತುಬಿತ್ತು ಅಂದಿದ್ದೀರಿ, ಸ್ವೆಟರ್‌ಗೆ ಯಾವ ಉಲ್ಲನ್ ತರಲಿ, ಕೆಲಸಕ್ಕೆ ಹೋಗುವವರು ಯಾವಾಗ ಹೆಣೆಯುತ್ತೀರಿ ಅಂತಲೂ ಕೇಳಿದ್ದೀರಿ.

ಮೊದಲು ಟೋಪಿ. ನಿಮ್ಮ ಕೈ ಸರಿಯಾಗಿಯೇ ಇದೆ, ಕಡ್ಡಿ ಬೇರೆ.

ಚಿಕ್ಕಪೇಟೆಯಲ್ಲಿ "6 ನಂಬರ್ ಕೊಡಿ" ಅಂದರೆ ಅಂಗಡಿಯವರು ಕೊಡುವುದು ಹಳೇ ಇಂಗ್ಲೆಂಡಿನ ನಂಬರಿನ ಕಡ್ಡಿ. ಅದು 5 ಮಿ.ಮೀ. ದಪ್ಪ. ಅಮೆರಿಕದವರ 6 ನಂಬರ್ ಅಂದರೆ 4 ಮಿ.ಮೀ. ಅವರಲ್ಲಿ ನಂಬರು ಏರಿದಷ್ಟೂ ಕಡ್ಡಿ ದಪ್ಪ. ನಮ್ಮಲ್ಲಿ ಉಲ್ಟಾ, ನಂಬರು ಏರಿದಷ್ಟೂ ಸಣ್ಣ. ತಮಾಷೆ ಏನೆಂದರೆ ನಮ್ಮ 8 ಅವರ 6, ನಮ್ಮ 6 ಅವರ 8. ಎರಡೂ ಅದಲುಬದಲು! ನಿಮಗೆ ಬೇಕಿದ್ದದ್ದು ನಮ್ಮ 8 ನಂಬರ್.

ಈ ಉಲ್ಟಾ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ತಂತಿಯ ಗೇಜಿನಿಂದ, ಅಂದರೆ ತಂತಿಯ ದಪ್ಪ ಹೇಳುವ ನಂಬರಿನಿಂದ. ಕರೆಂಟ್ ಕೆಲಸದವರು 14 ಗೇಜ್, 18 ಗೇಜ್ ಅನ್ನುತ್ತಾರಲ್ಲ, ಅದೇ ಪದ್ಧತಿ. ಹಳೇ ಕಾಲದ ಕಡ್ಡಿ ಅಂದರೆ ತಂತಿ ತಾನೆ. ನಮ್ಮಮ್ಮ ಕಾಲುಚೀಲ ಹೆಣೆಯುತ್ತಿದ್ದದ್ದು ಸೈಕಲ್ ಚಕ್ರದ ಕಡ್ಡಿಯಲ್ಲಿ, ತುದಿಯನ್ನು ಅಂಗಳದ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡು. ಅದು ಸುಮಾರು 2 ಮಿ.ಮೀ., ಅಂದರೆ 14 ನಂಬರ್. ಮನೆಯಲ್ಲಿ ನಂಬರು ಅಳಿಸಿಹೋದ ಕಡ್ಡಿಗಳಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿಯವರ ಹತ್ತಿರ ಒಂದು ದುಂಡನೆಯ ಗೇಜ್ ತಟ್ಟೆ ಇರುತ್ತದೆ, ಸುತ್ತಲೂ ಕಚ್ಚುಗಳಿರುವುದು. ನಮ್ಮ ಬೀದಿಯ ಅಂಗಡಿಯಲ್ಲಿ ನಾನು ಏಳು ಜೊತೆ ಕಡ್ಡಿಗಳನ್ನು ಹೀಗೇ ಅಳೆದುಕೊಂಡು ಬಂದೆ. ಆತ ಮೊದಲು ವಿಚಿತ್ರವಾಗಿ ನೋಡಿದ, ಆಮೇಲೆ ತನ್ನ ಹೆಂಡತಿಗೂ ಒಂದು ಮಫ್ಲರ್ ಹೆಣೆದುಕೊಡಿ ಅಂದ. ಇನ್ನೂ ಕೊಟ್ಟಿಲ್ಲ.

ಇನ್ನುಮುಂದೆ ನಂಬರೇ ಕೇಳಬೇಡಿ, ಮಿಲಿಮೀಟರ್ ಕೇಳಿ. 3.25 ಅಂದರೆ ನಮ್ಮ 10, 2.75 ಅಂದರೆ 12. ಪೋನಿ ಇರಲಿ, ನಿಟ್‌ಪ್ರೋ ಇರಲಿ, ಯಾವ ಕಂಪನಿಯದಾದರೂ ಈಗಿನ ಪ್ಯಾಕೆಟ್ ಮೇಲೆ ಮಿ.ಮೀ. ಇರುತ್ತದೆ.

ಈಗ ನಿಮ್ಮ ಟೋಪಿಯ ಲೆಕ್ಕ ನೋಡಿ. 4 ಮಿ.ಮೀ. ಕಡ್ಡಿಯಲ್ಲಿ ಸಾಧಾರಣ ದಪ್ಪದ ಉಲ್ಲನ್ ಹೆಣೆದರೆ 10 ಸೆಂ.ಮೀ.ಗೆ 22 ಸ್ಟಿಚ್ ಬರುತ್ತದೆ. 80 ಸ್ಟಿಚ್ ಅಂದರೆ 36 ಸೆಂ.ಮೀ. ನಿಮ್ಮ ಫೋಟೊದಲ್ಲಿ ಸ್ಕೇಲ್ ಪಕ್ಕ ಎಣಿಸಿದೆ, 17 ಇದೆ. 80 ಸ್ಟಿಚ್‌ಗೆ 47 ಸೆಂ.ಮೀ. ಆಯಿತು. ಆಗ ತಾನೇ ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂ.ಮೀ., ನಾಲ್ಕು ವರ್ಷದವನದು 50ರ ಹತ್ತಿರ. ಟೋಪಿ ಸ್ವಲ್ಪ ಹಿಗ್ಗುತ್ತದೆ, ಅದಕ್ಕೇ ನಿಮ್ಮ ಮಗನಿಗೆ ಬೊಂಬಾಟಾಗಿ ಕೂತಿದೆ. ಬಿಚ್ಚಬೇಡಿ. ಅವನಿಗೇ ಕೊಡಿ. ಮನೆಗೆ ಪುಟ್ಟ ಪಾಪು ಬಂದಾಗ ದೊಡ್ಡ ಹುಡುಗನಿಗೂ ಒಂದು ಹೊಸದು ಬೇಕಲ್ವಾ.

ಮೇಲಿನ ಕಮೆಂಟಿನಲ್ಲಿ ಒಬ್ಬರು "ಬಿಗಿಯಾಗಿ ಹೆಣೆಯಿರಿ, ಸರಿಹೋಗುತ್ತದೆ" ಅಂದಿದ್ದಾರೆ. ದಯವಿಟ್ಟು ಬೇಡ. ಬಿಗಿ ಹಿಡಿದರೆ ಮಣಿಕಟ್ಟು ನೋಯುತ್ತದೆ, ಸ್ಟಿಚ್ ಕಡ್ಡಿಯಿಂದ ಜಾರುವುದೇ ಇಲ್ಲ, ಹದಿನೈದನೇ ಸಾಲಿಗೆ ಕೈ ಸೋತು ಮತ್ತೆ ಸಡಿಲ ಆಗುತ್ತದೆ. ಟೋಪಿ ಮಡಕೆಯ ಆಕಾರಕ್ಕೆ ಬರುತ್ತದೆ. ಕೈಯನ್ನು ಹೇಗಿದೆಯೋ ಹಾಗೇ ಬಿಡಿ, ಕಡ್ಡಿ ಬದಲಿಸಿ.

ಯಾವ ಕಡ್ಡಿ ಅಂತ ತಿಳಿಯಲು ಒಂದೇ ದಾರಿ, ಮೊದಲು ಒಂದು ಚೌಕ ಹೆಣೆಯುವುದು. 30 ಸ್ಟಿಚ್ ಹಾಕಿ ಅಂಗೈಯಷ್ಟು ಹೆಣೆಯಿರಿ. ಒಗೆಯಿರಿ. ಒಣಗಿಸಿ. ಆಮೇಲೆ ನಡುವಿನ 10 ಸೆಂ.ಮೀ. ಮಾತ್ರ ಎಣಿಸಿ, ಅಂಚು ಬೇಡ. ಒಗೆಯುವ ಮೊದಲು ಎಣಿಸಿದರೆ ಆ ಲೆಕ್ಕ ಸುಳ್ಳು, ಹತ್ತಿ ನೂಲಿನಲ್ಲಂತೂ ಪೂರ್ತಿ ಸುಳ್ಳು. ಎಲ್ಲರೂ ಈ ಚೌಕ ಅಂದರೆ ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ, ಅಪ್ಪನಿಗೆ ಹೆಣೆದ ತೋಳಿಲ್ಲದ ಸ್ವೆಟರ್ ಮೊಣಕಾಲಿಗೆ ಬರುವವರೆಗೆ.

ಪಾಪುವಿಗೆ ಈ ಟೋಪಿ ಹೆಣೆಯಿರಿ, ನಾನು ಹತ್ತಾರು ಮಕ್ಕಳಿಗೆ ಹೆಣೆದು ಕೊಟ್ಟಿದ್ದೇನೆ. 4 ಮಿ.ಮೀ. ಕಡ್ಡಿ, 22 ಸ್ಟಿಚ್ ಲೆಕ್ಕ ಕೂತಿರಬೇಕು. 72 ಸ್ಟಿಚ್ ಹಾಕಿ. ಎರಡು ಸೀದಾ (ನಿಟ್) ಎರಡು ಉಲ್ಟಾ (ಪರ್ಲ್) ಅಂತ 4 ಸೆಂ.ಮೀ. ಅಂಚು. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬುಡದಿಂದ 10 ಸೆಂ.ಮೀ. ಆದಾಗ ಇಳಿಸಲು, ಅಂದರೆ ಸ್ಟಿಚ್ ಕಮ್ಮಿ ಮಾಡಲು ಶುರು ಮಾಡಿ. ಸೀದಾ ಸಾಲಿನಲ್ಲಿ 7 ಹೆಣೆದು 2 ಜೋಡಿಸಿ (ಎರಡನ್ನು ಒಟ್ಟಿಗೆ ಹೆಣೆದು ಒಂದು ಮಾಡಿ), ಸಾಲು ಮುಗಿಯುವವರೆಗೂ ಇದೇ. 64 ಉಳಿಯಬೇಕು. ಉಲ್ಟಾ ಸಾಲು ಸುಮ್ನೆ ಹೆಣೆಯಿರಿ. ಮುಂದಿನ ಸೀದಾ ಸಾಲಿನಲ್ಲಿ 6 ಹೆಣೆದು 2 ಜೋಡಿಸಿ, ಅದರ ಮುಂದೆ 5, ಹೀಗೆ ಇಳಿಯುತ್ತಾ ಹೋದರೆ ಪ್ರತಿ ಸಲ 8 ಕಮ್ಮಿ. ಕೊನೆಗೆ ಬರೀ ಎರಡೆರಡು ಜೋಡಿಸಿದರೆ 8 ಸ್ಟಿಚ್ ಉಳಿಯುತ್ತದೆ. ನೂಲು ಕತ್ತರಿಸಿ, ಅವುಗಳ ಒಳಗೆ ಎಳೆದು ಬಿಗಿ ಮಾಡಿ, ಹಿಂದೆ ಹೊಲಿಗೆ ಹಾಕಿ. 50 ಗ್ರಾಂ ಉಂಡೆ ಒಂದು ಸಾಕು, ಮಿಗುತ್ತದೆ ಕೂಡ. ಇಳಿಸುವ ಮುಂಚಿನ ಸಾಲಿನ ಸ್ಟಿಚ್‌ಗಳ ಒಳಗೆ ಸೂಜಿಯಿಂದ ಒಂದು ಬೇರೆ ಬಣ್ಣದ ಹೊಲಿಗೆ ದಾರ ಹಾಯಿಸಿಡಿ. ತಪ್ಪಿದರೆ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು.

ಕಿವಿ ಮುಚ್ಚುವ ಕುಲಾವಿಯೇ ಬೇಕು, ಗದ್ದದ ಕೆಳಗೆ ಕಟ್ಟುವ ಲಾಡಿ ಇರಲಿ ಅಂತ ಮನೆಯ ಹಿರಿಯರು ಹೇಳುತ್ತಾರೆ. ಹೆಣೆದು ಕೊಡಿ, ಜಗಳ ಬೇಡ. ಆದರೆ ಅದು ಹೊರಗೆ ಕರೆದುಕೊಂಡು ಹೋಗುವಾಗ ಮಾತ್ರ ಅಂತ ತಂಗಿಗೆ ಹೇಳಿ. ಮಲಗಿಸುವಾಗ ಲಾಡಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಮನೆಯೊಳಗೆ ಮಲಗಿದ ಮಗುವಿಗೆ ಟೋಪಿಯೇ ಬೇಡ, ಎಳೆಮಕ್ಕಳ ಮೈಕಾವು ತಲೆಯಿಂದಲೇ ಜಾಸ್ತಿ ಹೊರಹೋಗುವುದು. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಟೋಪಿಯೂ ಸೇರಿದರೆ ಮೈ ಬಿಸಿಯಾಗಿಬಿಡುತ್ತದೆ. ಇನ್ನೊಂದು ಮಾತು. ಕಾಲುಚೀಲ, ಕೈಗವಸಿನ ಒಳಬದಿಯಲ್ಲಿ ಸಡಿಲ ಎಳೆ ಬಿಡಬೇಡಿ. ಪುಟ್ಟ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದೇ ನಿಲ್ಲುತ್ತದೆ, ಮಗುವಿಗೆ ಹೇಳಲು ಬರುವುದಿಲ್ಲ. ಒಳಗೆ ತಿರುವಿ ನೋಡಿಯೇ ಕೊಡಿ.

ಸ್ವೆಟರ್ ವಿಷಯಕ್ಕೆ ಬರೋಣ. ಡಿಸೆಂಬರ್‌ಗೇ ಆಗಬೇಕು ಅಂತ ಗಡಿಬಿಡಿ ಮಾಡಿಕೊಂಡಿದ್ದೀರಿ. ಬೇಡ. ಬೆಂಗಳೂರಿನ ದಾಖಲೆ ಚಳಿ 7.8 ಡಿಗ್ರಿ, ಅದು 1884ರ ಜನವರಿ 13ರ ಮಾತು. ಈಗ ಡಿಸೆಂಬರ್ ರಾತ್ರಿ ಅಂದರೆ 15-16 ಡಿಗ್ರಿ. ಆಗ ತಾನೇ ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ, ಸ್ವೆಟರ್ ಹಾಕುವುದು ಆಸ್ಪತ್ರೆಗೆ ಹೋಗುವಾಗ ಎರಡು ಸಲ. ನಮ್ಮ ಊರಲ್ಲಿ ಸ್ವೆಟರ್ ನಿಜವಾಗಿ ಬೇಕಾಗುವುದು ಜೂನ್-ಜುಲೈನಲ್ಲಿ, ಜಿಟಿಜಿಟಿ ಮಳೆ, ಸುಂಯ್ ಅನ್ನುವ ಗಾಳಿ ಬಂದಾಗ. ಅಷ್ಟು ಹೊತ್ತಿಗೆ ಪಾಪುವಿಗೆ ಆರು ತಿಂಗಳು. ಆ ಅಳತೆಗೇ ಹೆಣೆಯಿರಿ. ಎದೆ 43 ಸೆಂ.ಮೀ.ನಷ್ಟು ಇರುತ್ತದೆ, ಸ್ವೆಟರ್ ಸುತ್ತಳತೆ 48 ಇಡಿ. ಮುಂದೆ ತೆರೆದು ಗುಂಡಿ ಹಾಕುವ ಥರ ಇರಲಿ. ತಲೆ ಮೇಲಿಂದ ಎಳೆದು ಹಾಕುವ ಸ್ವೆಟರ್ ಕಂಡರೆ ಮಕ್ಕಳು ಊರು ಒಂದಾಗುವ ಹಾಗೆ ಅಳುತ್ತಾರೆ. ಗುಂಡಿಯನ್ನು ಉಲ್ಲನ್‌ನಿಂದ ಅಲ್ಲ, ಗಟ್ಟಿ ಹೊಲಿಗೆ ದಾರದಿಂದ ಹೊಲಿಯಿರಿ.

ನೂಲು ಯಾವುದು? ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಪಾಪುವಿಗೆ ಹತ್ತಿ. 150ರಿಂದ 200 ಗ್ರಾಂ ಬೇಕು. ಅಕ್ರಿಲಿಕ್ ಹಗುರ, ಅಗ್ಗ, ಒಗೆಯಲು ಸುಲಭ, ಆದರೆ ಬೆವರು ಹೀರುವುದಿಲ್ಲ. ಹೊರಗೆ ಹಾಕುವ ಟೋಪಿಗೆ ಪರವಾಗಿಲ್ಲ. ಮೆರಿನೋ ಉಣ್ಣೆ ಮೆತ್ತಗಿರುತ್ತದೆ ನಿಜ, ಆದರೆ ಅದನ್ನು ಕೈಯಲ್ಲಿ ನಾಜೂಕಾಗಿ ಒಗೆಯಲು ಬಾಣಂತಿಗೆ ಪುರುಸೊತ್ತು ಎಲ್ಲಿ? ಕೆಲವರು ನಮ್ಮೂರಿನ ಕುರಿ ಉಣ್ಣೆ ಸಿಗುತ್ತದಾ ಅಂತ ಕೇಳುತ್ತಾರೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಚಳ್ಳಕೆರೆ ಕಂಬಳಿಗೆ ಹೇಳಿ ಮಾಡಿಸಿದ್ದು, ಮಗುವಿನ ಕೆನ್ನೆಗಲ್ಲ. ಬನ್ನೂರು ಕುರಿಯ ಹೆಸರಂತೂ ಬಾಡೂಟದಲ್ಲೇ ದೊಡ್ಡದು.

ಹತ್ತಿಗೆ ಒಂದು ಗುಣವಿದೆ. ಹಿಗ್ಗಿದರೆ ವಾಪಸ್ ಬರುವುದಿಲ್ಲ. ಅಂಚು ಹೆಣೆಯಲು ಒಂದೆರಡು ಸೈಜ್ ಸಣ್ಣ ಕಡ್ಡಿ ಬಳಸಿ, ಇಲ್ಲದಿದ್ದರೆ ತೋಳಿನ ತುದಿ ಗಂಟೆಯ ಹಾಗೆ ಅಗಲವಾಗುತ್ತದೆ.

ಚಿಕ್ಕಪೇಟೆ, ರಾಜಾ ಮಾರ್ಕೆಟ್ ಸುತ್ತ ಲೇಸು, ಗುಂಡಿ, ದಾರ ಮಾರುವ ಅಂಗಡಿಗಳಲ್ಲಿ ಕೇಳಿ. ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ವರ್ಧಮಾನ್, ಓಸ್ವಾಲ್ ಉಲ್ಲನ್ ಕಂಪನಿಗಳು ಎರಡೂ ಲುಧಿಯಾನದವು. ಉಂಡೆಯ ಚೀಟಿಯಲ್ಲಿ ಬಣ್ಣದ ಹೆಸರಿನ ಜೊತೆ ಲಾಟ್ ನಂಬರ್, ಅಂದರೆ ಯಾವ ಸಲ ಬಣ್ಣ ಹಾಕಿದ್ದು ಅನ್ನುವ ಗುರುತು ಇರುತ್ತದೆ. ಎಲ್ಲಾ ಉಂಡೆಯಲ್ಲೂ ಅದು ಒಂದೇ ಇರಬೇಕು, ಒಂದು ಉಂಡೆ ಜಾಸ್ತಿಯೇ ತನ್ನಿ. ನಮ್ಮ ಯಜಮಾನರ ಸ್ವೆಟರ್‌ಗೆ ಒಂದು ಉಂಡೆ ಸಾಲದೆ ತಿಂಗಳು ಬಿಟ್ಟು ಅದೇ ಹಸಿರು ತಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿತ್ತು. ಬಿಸಿಲಲ್ಲಿ ಬೆನ್ನ ಮೇಲೆ ಬೇಲಿ ಹಾಕಿದ ಹಾಗೆ ಗೆರೆ. ಅವರು ಅದನ್ನು ಜಾಕೆಟ್ ಒಳಗೇ ಹಾಕುತ್ತಾರೆ, ಪಾಪ.

ಫುಟ್‌ಪಾತಿನಲ್ಲಿ "ಪ್ಯೂರ್ ವುಲ್" ಅಂತ ಕೊಟ್ಟರೆ ಒಂದು ಗೇಣು ನೂಲು ತಂದು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ, ಬೆಂಕಿ ತಾನೇ ಆರುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ.

ಇಸ್ತ್ರಿಯ ವಿಷಯ ಈಗ ಅರ್ಥವಾಗಿರಬೇಕು. ನಿಮ್ಮ ಟೋಪಿ ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ತಗುಲಿದರೆ ಅದರ ಪುಟಿತ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಅಂಚು ಬಿಟ್ಟು ಬರೀ ಮೇಲ್ಭಾಗಕ್ಕೆ ಇಸ್ತ್ರಿ ತಗುಲಿದ್ದರೆ ಬಚಾವ್, ತಲೆಯ ಮೇಲೆ ನಿಲ್ಲುತ್ತದೆ. ಇನ್ನು ಮುಂದೆ ಏನೇ ಹೆಣೆದರೂ ಒಗೆದು, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆ ಮೇಲೆ ಅಗಲವಾಗಿ ಹರಡಿ ನೆರಳಲ್ಲಿ ಒಣಗಿಸಿ. ಟೆರೇಸಿನ ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದ ಬೀಳುತ್ತದೆ.

ನಿಮ್ಮ ಮನೆಗೆ ಬೋರ್‌ವೆಲ್ ನೀರು ಅಂತ ಬೇರೆ ಪೋಸ್ಟಿನಲ್ಲಿ ನೋಡಿದ ನೆನಪು. ಗಡಸು ನೀರಿನಲ್ಲಿ ಬಾರ್ ಸೋಪು ಹಾಕಿದರೆ ಬಿಳಿ ಕಲ್ಕ ನೂಲಿನ ಒಳಗೆ ಕೂತು ಬಟ್ಟೆ ಒರಟಾಗುತ್ತದೆ. ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರಿಗೆ ಆ ತೊಂದರೆ ಇಲ್ಲ. ಅಜ್ಜಿ ರೇಷ್ಮೆ ಸೀರೆಗೆ ಬಳಸುತ್ತಿದ್ದದ್ದು ಅದೇ. ಉಣ್ಣೆಯಾದರೆ ತಣ್ಣೀರು ಮಾತ್ರ, ಉಜ್ಜಬೇಡಿ. ಬಿಸಿನೀರಲ್ಲಿ ಉಜ್ಜಿದ ಉಣ್ಣೆ ಜಮಖಾನ ಆಗುತ್ತದೆ.

ಸಮಯ? ನಾನು ಹೆಣೆಯುವುದು ಮೆಟ್ರೋದಲ್ಲಿ, ಕೆಂಗೇರಿಯಲ್ಲಿ ಹತ್ತುತ್ತೇನೆ. ಮಾರ್ಗದ ತುದಿಯ ಹತ್ತಿರವಾದ್ದರಿಂದ ಹೆಚ್ಚಿನ ದಿನ ಸೀಟು ಸಿಗುತ್ತದೆ. ಉದ್ದ ನೇರ ಕಡ್ಡಿ ಪಕ್ಕದವರ ಪಕ್ಕೆಗೆ ಚುಚ್ಚುತ್ತದೆ, ಅದಕ್ಕೆ ನಡುವೆ ವೈರ್ ಇರುವ ಬಿದಿರಿನ ಜೋಡಿ ಕಡ್ಡಿ. ಬ್ಯಾಗಿನಲ್ಲಿ ಬುದ್ಧಿ ಬೇಡದ ಕೆಲಸ ಮಾತ್ರ, ಬರೀ ಸೀದಾ ಸಾಲು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದಾಗ ಎಣಿಕೆ ತಪ್ಪಿದರೂ ನಷ್ಟವಿಲ್ಲ. ಕಬ್ಬನ್ ಪಾರ್ಕ್ ಬಂತು ಅಂದರೆ ಸಾಲು ಮುಗಿಸಿ ಒಳಗಿಡುತ್ತೇನೆ, ಮುಂದಿನದು ಎಂ.ಜಿ. ರಸ್ತೆ, ನನ್ನ ಆಫೀಸು. ಸಾಲಿನ ಮಧ್ಯೆ ನಿಲ್ಲಿಸಿ ಮಡಚಿದರೆ ಸಂಜೆಗೆ ನಾಲ್ಕು ಸ್ಟಿಚ್ ಜಾರಿರುತ್ತವೆ. ಜಾರಿದರೆ ಗಾಬರಿ ಬೇಡ, ಒಂದು ಪಿನ್ನು ಸಿಕ್ಕಿಸಿ ಹಿಡಿದಿಟ್ಟು, ಮನೆಗೆ ಹೋಗಿ ಕೊಕ್ಕೆ ತುದಿಯ ಕ್ರೋಶಾ ಕಡ್ಡಿಯಿಂದ ಏಣಿ ಹತ್ತಿಸಿದ ಹಾಗೆ ಮೇಲೆ ತನ್ನಿ. ಇಳಿಸುವುದು, ಕತ್ತು, ತೋಳು ಇವೆಲ್ಲ ರಾತ್ರಿ ಊಟ ಆದ ಮೇಲೆ, ಟೀವಿ ಆಫ್ ಆದ ಮೇಲೆ. ದಿನಕ್ಕೆ ಇಷ್ಟೇ. ಒಂದು ಪಾಪು ಸ್ವೆಟರ್‌ಗೆ ನನಗೆ ಒಂದೂವರೆ ತಿಂಗಳು ಹಿಡಿಯುತ್ತದೆ, ವಿಡಿಯೋದವರು ವಾರಾಂತ್ಯದಲ್ಲಿ ಮುಗಿಸುತ್ತೇವೆ ಅಂದರೆ ಅವರ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೋ.

ಹತ್ತಿ ತಂದ ಮೇಲೆ 4 ಮಿ.ಮೀ. ಕಡ್ಡಿಯಲ್ಲಿ ಚೌಕ ಹೆಣೆದು, ಒಗೆದು, ಒಣಗಿಸಿ ಎಣಿಸಿ. ಎಷ್ಟು ಸ್ಟಿಚ್, ಎಷ್ಟು ಸಾಲು ಅಂತ ಇಲ್ಲೇ ಕೆಳಗೆ ಬರೆಯಿರಿ. 48 ಸೆಂ.ಮೀ. ಸ್ವೆಟರ್‌ಗೆ ಬೆನ್ನಿಗೆ ಎಷ್ಟು, ತೋಳಿಗೆ ಎಷ್ಟು ಅಂತ ನಾನು ಲೆಕ್ಕ ಹಾಕಿ ಕೊಡುತ್ತೇನೆ. ಉತ್ತರ ಬರುವುದು ಕೆಂಗೇರಿ ದಾಟಿದ ಮೇಲೆ.