ಮಾವನವರ ಗ್ಯಾರೇಜಿನ 1968ರ ಡಾಡ್ಜ್ ಡಾರ್ಟ್: ಮಾರುವ ಮೊದಲು ನೋಡಬೇಕಾದ್ದು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಓಹಾಯೋದಲ್ಲಿ ತೀರಿಕೊಂಡ ಮಾವನವರ ಗ್ಯಾರೇಜಿನಲ್ಲಿ 1968ರ ಡಾಡ್ಜ್ ಡಾರ್ಟ್ ಇದೆ. 426 ಹೆಮಿ ಇಂಜಿನ್ (ಕ್ರೈಸ್ಲರ್ ಕಂಪನಿಯ 426 ಘನ ಇಂಚಿನ ದೊಡ್ಡ ವಿ8), ಮೇಲೆ ಎರಡು ಹಾಲಿ ಕಾರ್ಬುರೇಟರ್, ಒಂದು ಕಾಲದಲ್ಲಿ ಡ್ರ್ಯಾಗ್ ರೇಸ್ (ನೇರ ಹಾದಿಯ ಸಣ್ಣ ದೂರದ ಓಟ) ಓಡಿದ ಗಾಡಿ. ವರ್ಷಗಟ್ಟಲೆ ಸ್ಟಾರ್ಟ್ ಮಾಡಿಲ್ಲ. ಪಕ್ಕದೂರಿನವರೊಬ್ಬರು 35,000 ಡಾಲರ್ ನಗದು ಕೊಟ್ಟು ಈ ಶನಿವಾರವೇ ಎಳೆದುಕೊಂಡು ಹೋಗುತ್ತೇನೆ ಅಂತಿದ್ದಾರೆ. ಹಾಗೇ ಕೊಟ್ಟುಬಿಡೋದಾ, ಪೇಂಟ್ ಮಾಡಿಸಿ ಮಾರೋದಾ ಅಂತ ಕೇಳಿದ್ದೀರಿ. ಇಲ್ಲಿ ನನಗಿಂತ ಮುಂಚೆ ಉತ್ತರಿಸಿದ ಇಬ್ಬರು ಪೇಂಟ್ ಮಾಡಿಸಿ ಎಂದಿದ್ದಾರೆ.

ಎರಡೂ ಬೇಡ. ಶನಿವಾರದ ವ್ಯಾಪಾರಕ್ಕೆ ಈಗಲೇ ಫೋನ್ ಮಾಡಿ ಇಲ್ಲ ಅನ್ನಿ. ಗ್ಯಾರೇಜಿಗೆ ಬೀಗ ಹಾಕಿ. ತೊಳೆಯುವುದು, ಉಜ್ಜುವುದು, ಗೋಡೆಗೆ ಒರಗಿಸಿಟ್ಟ ಹಳೇ ಸಾಮಾನು ಕಸಕ್ಕೆ ಹಾಕುವುದು ಎಲ್ಲ ನಿಲ್ಲಿಸಿ. ಇಂಥ ಗಾಡಿಯಲ್ಲಿ ಬೆಲೆ ಕೂತಿರುವುದು ಅದು ಅಸಲಿ ಎಂದು ತೋರಿಸುವ ಗುರುತುಗಳಲ್ಲಿ. ಪೇಂಟ್ ಅಂಗಡಿಯವರು ಮೊದಲ ದಿನವೇ ಸ್ಯಾಂಡ್ ಮಾಡಿ ತೆಗೆಯುವುದು ಅವನ್ನೇ.

1968ರಲ್ಲಿ ಕ್ರೈಸ್ಲರ್ ಕಂಪನಿ ಸೂಪರ್ ಸ್ಟಾಕ್ ವರ್ಗದ ಡ್ರ್ಯಾಗ್ ರೇಸಿಗೆಂದೇ ಎರಡು ಸಣ್ಣ ಗಾಡಿಗಳಿಗೆ ದೊಡ್ಡ ಹೆಮಿ ಕೂರಿಸಿತು: ಡಾಡ್ಜ್ ಡಾರ್ಟ್ ಮತ್ತು ಪ್ಲಿಮತ್ ಬರಾಕುಡಾ. ಬಾಡಿ ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆಯಿಂದ ಬಂದು, ಜೋಡಣೆ ಮಿಶಿಗನ್‌ನಲ್ಲೇ ಹರ್ಸ್ಟ್ ಕಂಪನಿಯ ಕೈಯಲ್ಲಿ ಆಯಿತು. ಸಾಮಾನ್ಯವಾಗಿ ಹೇಳುವ ಲೆಕ್ಕ ಸುಮಾರು 80 ಡಾರ್ಟ್, 70 ಬರಾಕುಡಾ. ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್‌ನಲ್ಲಿ ಹೆಮಿ ಚಾಲೆಂಜ್ ಹೆಸರಿನಲ್ಲಿ ಈ ಗಾಡಿಗಳಿಗೇ ಪ್ರತ್ಯೇಕ ಪೈಪೋಟಿ ನಡೆಸಿಕೊಂಡು ಬಂದಿದ್ದಾರೆ ಅಂದರೆ ಬೇಡಿಕೆ ಎಷ್ಟಿದೆ ಎಂದು ಊಹಿಸಿ. ದಾಖಲೆ ಗಟ್ಟಿಯಿರುವ ಅಸಲಿ ಡಾರ್ಟ್ ಲಕ್ಷ ಡಾಲರ್ ದಾಟುವ ಮಾಲು. ಅಸಲಿ ಅಲ್ಲದೆ, ಮಾಮೂಲಿ ಡಾರ್ಟಿಗೆ ಯಾರೋ ಹೆಮಿ ಹಾಕಿಸಿದ್ದಾದರೂ, ಆ ಇಂಜಿನ್ ಮತ್ತು ಇಂಟೇಕ್ (ಕಾರ್ಬುರೇಟರ್ ಕೂರುವ ಭಾಗ) ಬಿಡಿಯಾಗಿಯೇ ದೊಡ್ಡ ಮೊತ್ತ ತರುತ್ತವೆ. ಎರಡರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಬೆಲೆಯ ಮಾತೇ ಬೇಡ.

ಶುರು ಮಾಡಬೇಕಾದ್ದು ವಿಐಎನ್‌ನಿಂದ, ಅಂದರೆ ಗಾಡಿಯ ಗುರುತಿನ ಸಂಖ್ಯೆಯಿಂದ. ಡ್ರೈವರ್ ಕಡೆ ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗ್ಲಾಸಿನ ಮೂಲಕ ಕಾಣುವ ಸಣ್ಣ ಲೋಹದ ಪಟ್ಟಿ. 13 ಅಕ್ಷರ, ಅಂಕೆ ಇರುತ್ತವೆ. ಅಸಲಿ ಡಾರ್ಟ್ ಆದರೆ ಮೊದಲ ಏಳು ಹೀಗಿರಬೇಕು: ಎಲ್, ಓ, 2, 3, ಎಮ್, 8, ಬಿ. ಎಲ್ ಅಂದರೆ ಡಾರ್ಟ್, ಓ ಅಂದರೆ ಸೂಪರ್ ಸ್ಟಾಕ್, 23 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಎಮ್ ವಿಶೇಷ ಆರ್ಡರ್ ಇಂಜಿನ್, 8 ವರ್ಷ, ಬಿ ಹ್ಯಾಮ್‌ಟ್ರ್ಯಾಮಿಕ್. ಎರಡನೇ ಜಾಗದಲ್ಲಿ ಪಿ ಇದ್ದರೆ ಅದು ಡಾರ್ಟ್ ಜಿಟಿ, ಎಸ್ ಇದ್ದರೆ ಜಿಟಿಎಸ್, ಎಚ್ ಇದ್ದರೆ ಡಾರ್ಟ್ 270. ಅಂದರೆ ಆಮೇಲೆ ಬದಲಾಯಿಸಿದ ಗಾಡಿ. ಆ ಪಟ್ಟಿ ಹೂವಿನಾಕಾರದ ತಲೆಯ ರಿವಿಟ್‌ನಿಂದ ಕೂತಿರುತ್ತದೆ. ರಿವಿಟ್ ಸುತ್ತ ಗೀರು, ಎದ್ದ ಪೇಂಟು, ಅಂಟು ಕಂಡರೆ ಹಾಗೇ ಫೋಟೋ ತೆಗೆಯಿರಿ, ಮುಟ್ಟಬೇಡಿ. ಚೊಕ್ಕ ಮಾಡೋಣ ಎಂದು ಅದನ್ನು ಬಿಚ್ಚಿದರೆ ಫೆಡರಲ್ ಅಪರಾಧದ ಪ್ರಶ್ನೆ ಬರುತ್ತದೆ.

ಮುಂದಿನದು ಫೆಂಡರ್ ಟ್ಯಾಗ್. ಬಾನೆಟ್ ಕೆಳಗೆ, ಡ್ರೈವರ್ ಕಡೆಯ ಒಳಗಿನ ತಗಡಿಗೆ ಸ್ಕ್ರೂ ಹಾಕಿದ ಇಸ್ಪೀಟ್ ಎಲೆಗಿಂತ ಚಿಕ್ಕ ತಗಡು, ಗಾಡಿ ಹೇಗೆ ತಯಾರಾಯಿತು ಎಂಬ ಸಂಕೇತಗಳು ಅದರ ಮೇಲಿರುತ್ತವೆ. ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ರೇಸ್ ಗಾಡಿಗಳಲ್ಲಿ ಇದು ಎಷ್ಟೋ ಸಲ ಕಳೆದಿರುತ್ತದೆ. ಮಾವನವರ ಟೂಲ್ ಬಾಕ್ಸ್, ಸ್ಕ್ರೂ ಡಬ್ಬಿ ಎಲ್ಲ ಹುಡುಕಿ. ರೇಡಿಯೇಟರ್ ಸಪೋರ್ಟ್ ಮೇಲೆ, ಡಿಕ್ಕಿಯ ಅಂಚಿನ ರಬ್ಬರ್ ಕೆಳಗೆ ಹೊಡೆದ ಅಂಕೆಗಳಿದ್ದರೆ ಟಾರ್ಚ್ ಅನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ನೇರ ಬೆಳಕಿನಲ್ಲಿ ಅವು ಕಾಣುವುದಿಲ್ಲ. ಕಂಪನಿಯಿಂದಲೇ ಬಿಲ್ಡ್ ರೆಕಾರ್ಡ್ (ಗಾಡಿ ತಯಾರಾದಾಗಿನ ದಾಖಲೆ) ತರಿಸಿ ಎಂದು ಯಾರಾದರೂ ಹೇಳಬಹುದು. ಕ್ರೈಸ್ಲರ್‌ನ ಹಳೇ ಕಾರ್ಡುಗಳು 1967ರ ಗಾಡಿಗಳವರೆಗೆ ಮಾತ್ರ, ಹಾಗಾಗಿ ನಿಮ್ಮದಕ್ಕೆ ಗಾಡಿಯೇ ಸಾಕ್ಷಿ ಹೇಳಬೇಕು.

ಬಾಡಿ ಏನು ಹೇಳುತ್ತದೆ ನೋಡಿ. ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿದರೆ ಮುಂದಿನ ಮಡ್‌ಗಾರ್ಡ್, ಬಾನೆಟ್‌ಗೆ ಅಂಟಬಾರದು, ಅವು ಫೈಬರ್‌ಗ್ಲಾಸ್. ಬಾಗಿಲಿಗೆ ಅಂಟಬೇಕು. ಆದರೆ ಆ ಬಾಗಿಲಿನ ತಗಡನ್ನು ಆಸಿಡ್‌ನಲ್ಲಿ ಮುಳುಗಿಸಿ ತೆಳು ಮಾಡಿರುತ್ತಾರೆ, ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ದಯವಿಟ್ಟು ಒತ್ತಿ ನೋಡಲು ಹೋಗಬೇಡಿ, ಬರುವವರಿಗೂ ಬಿಡಬೇಡಿ. ಪಕ್ಕದ ಕಿಟಕಿಗೆ ತಿರುಗಿಸುವ ಹಿಡಿಕೆ ಇರುವುದಿಲ್ಲ, ಪಟ್ಟಿ ಹಿಡಿದು ಎಳೆದು ಏರಿಸಬೇಕು. ಗ್ಲಾಸು ಕಾರ್ನಿಂಗ್ ಕಂಪನಿಯ ತೆಳ್ಳನೆಯ ಕೆಮ್‌ಕೋರ್. ಮೂಲೆಯಲ್ಲಿ ಗುರುತು ಇದೆಯೇ ನೋಡಿ, ಒಡೆದ ಮೇಲೆ ಬಹಳ ಜನ ಪ್ಲಾಸ್ಟಿಕ್ ಹಾಕಿಸಿಕೊಂಡಿದ್ದಾರೆ. ಮುಂದಿನ ಸೀಟು ಡಾಡ್ಜ್ ಎ100 ವ್ಯಾನಿನದು, ಹಿಂದಿನ ಸೀಟೇ ಇಲ್ಲ. ಹೀಟರ್, ರೇಡಿಯೋ ಇಲ್ಲ. ಬ್ಯಾಟರಿ ಡಿಕ್ಕಿಯಲ್ಲಿ. ಪ್ಯಾಸೆಂಜರ್ ಕಡೆಯ ಶಾಕ್ ಟವರ್ (ಬಾನೆಟ್ ಕೆಳಗೆ ಶಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೂಡು) ಅನ್ನು ಹೆಮಿಯ ಅಗಲದ ಹೆಡ್ ಕೂರಲೆಂದು ಬದಲಿಸಿರುತ್ತಾರೆ, ಬ್ರೇಕ್ ಮಾಸ್ಟರ್ ಸಿಲಿಂಡರನ್ನು ಸರಿಸಿರುತ್ತಾರೆ, ದೊಡ್ಡ ಸ್ಲಿಕ್ (ನುಣ್ಣನೆಯ ರೇಸ್) ಟೈರಿಗಾಗಿ ಹಿಂದಿನ ಚಕ್ರದ ಬಾಯಿ ಕತ್ತರಿಸಿ ದೊಡ್ಡದು ಮಾಡಿರುತ್ತಾರೆ. ಈ ಮೂರೂ ಜಾಗದ ವೆಲ್ಡಿಂಗ್ ಹತ್ತಿರದಿಂದ ತೆಗೆಯಿರಿ. ಅಸಲಿ ಗಾಡಿಗಳನ್ನು ನೋಡಿ ಪಳಗಿದ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಾಲ್ಕು ಗೇರಿನ ಗಾಡಿಯಾದರೆ ಹಿಂದೆ ಡಾನಾ ಕಂಪನಿಯ ‘60’ ಆಕ್ಸಲ್, ಆಟೋಮ್ಯಾಟಿಕ್ ಆದರೆ ಕ್ರೈಸ್ಲರ್‌ನದೇ ಎಂಟೂಮುಕ್ಕಾಲು ಇಂಚಿನದು.

ಇವು ಕಾರ್ಖಾನೆಯಿಂದ ಬರುವಾಗ ಬರೀ ಪ್ರೈಮರ್‌ನಲ್ಲಿ (ಬಣ್ಣಕ್ಕೆ ಮುಂಚಿನ ತಳಲೇಪದಲ್ಲಿ) ಬಂದವು. ಬಣ್ಣ ಹಚ್ಚಿಸಿದ್ದು ಕೊಂಡ ರೇಸ್ ತಂಡ ಅಥವಾ ಡೀಲರ್. ಹಾಗಾಗಿ ಈಗ ಮೇಲೆ ಕಾಣುವ ಬಣ್ಣದ ಕೆಳಗೆ ಹಳೇ ತಂಡದ ಹೆಸರು, ಡೀಲರ್ ಊರು ಇರುವ ಸಾಧ್ಯತೆ ಇದೆ. ಬಾಗಿಲಿನ ಮೇಲೆ ಅಕ್ಷರದ ಅಂಚು ಮಸುಕಾಗಿ ಉಬ್ಬಿದ್ದರೆ ಸಂಜೆಯ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಆ ಹೆಸರು ಹಿಡಿದು 1968-70ರ ರೇಸ್ ಫಲಿತಾಂಶ, ಪತ್ರಿಕೆಗಳ ಹಳೇ ಚಿತ್ರ ಹುಡುಕಬಹುದು. ಯಾರು ಓಡಿಸಿದ್ದು, ಯಾವ ಟ್ರ್ಯಾಕಿನಲ್ಲಿ ಎಂದು ತೋರಿಸುವ ಒಂದು ಫೋಟೋ ಹೊಸ ಪೇಂಟಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ. ಟೈಮ್ ಸ್ಲಿಪ್ (ಓಟದ ಸಮಯದ ಚೀಟಿ), ಎನ್‌ಎಚ್‌ಆರ್‌ಎ (ಡ್ರ್ಯಾಗ್ ರೇಸ್ ಸಂಸ್ಥೆ) ಸ್ಟಿಕರ್, ಬಿಡಿಭಾಗದ ಬಿಲ್ಲು, ಮಾವನವರ ನೋಟ್‌ಬುಕ್ಕು ಎಲ್ಲ ಒಂದು ಪೆಟ್ಟಿಗೆಗೆ. ಗೋಡೆಗೆ ಒರಗಿಸಿದ ಮಡ್‌ಗಾರ್ಡ್, ಅಟ್ಟದ ಮೇಲಿನ ಸೀಟು ಈ ಗಾಡಿಯದೇ ಇರಬಹುದು.

ಇಂಜಿನ್ ವಿಷಯ. ಬ್ಲಾಕಿನ ಪಕ್ಕದಲ್ಲಿ 2468330 ಎಂಬ ಎರಕದ ಅಂಕೆ ಇದ್ದರೆ ಅದು 426 ಹೆಮಿ ಬ್ಲಾಕ್. ಹತ್ತಿರದಲ್ಲೇ ತಿಂಗಳು, ದಿನ, ವರ್ಷದ ಎರಕದ ತಾರೀಖು ಇರುತ್ತದೆ. ಅದು ಗಾಡಿ ತಯಾರಾದ ದಿನಕ್ಕಿಂತ ಮುಂಚಿನದಾಗಿರಬೇಕು. ರೇಸಿನಲ್ಲಿ ಇಂಜಿನ್ ಸಿಡಿದು ಬದಲಾಗುವುದು ಮಾಮೂಲಿ, ಆದ್ದರಿಂದ ಬ್ಲಾಕ್ ಬೇರೆ ಎಂದು ಗೊತ್ತಾದರೆ ಗಾಬರಿ ಬೇಡ. ಈ ಗಾಡಿಗಳಲ್ಲಿ ಬಾಡಿಯೇ ಪ್ರಾಣ. ‘ನಂಬರ್ ಮ್ಯಾಚಿಂಗ್’ (ಇಂಜಿನ್ ಈ ಗಾಡಿಯ ಮೂಲದ್ದೇ) ಎಂದು ಮಾತ್ರ ಖಾತ್ರಿಯಿಲ್ಲದೆ ಎಲ್ಲೂ ಬರೆಯಬೇಡಿ.

ಸ್ಟಾರ್ಟ್ ಮಾಡಿ ವಿಡಿಯೋ ಹಾಕಿದರೆ ಬೆಲೆ ಏರುತ್ತದೆ ಎನ್ನುವ ಸಲಹೆ ಬಂದಿದೆ. ನನ್ನ ಅಭಿಪ್ರಾಯ: ಹೆಮಿ ಬಲ್ಲ ಮೆಕ್ಯಾನಿಕ್ ಕೈಗೆ ಸಿಗದಿದ್ದರೆ ಸ್ಟಾರ್ಟ್ ಮಾಡದೆಯೇ ಮಾರಿ, ಕೈಯಲ್ಲಿ ತಿರುಗುತ್ತದೆ ಎಂದಷ್ಟು ತೋರಿಸಿ. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಕೆಲವು ವಾಲ್ವ್ ತೆರೆದೇ ನಿಂತಿರುತ್ತವೆ, ಗೈಡ್‌ನಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆಗ ಸ್ಟಾರ್ಟರ್ ಒತ್ತಿದರೆ ಪುಶ್‌ರಾಡ್ ಬಾಗುತ್ತದೆ, ಇಲ್ಲವೇ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಕ್ರಮ ಹೀಗಿರಲಿ. ಡಿಕ್ಕಿಯಲ್ಲಿ ಬ್ಯಾಟರಿ ತಂತಿ ಬಿಚ್ಚಿ, ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಹೆಮಿಯ ಪ್ಲಗ್ ವಾಲ್ವ್ ಕವರಿನ ನಡುವಿನ ಕೊಳವೆಯ ತಳದಲ್ಲಿ ಕೂತಿರುತ್ತದೆ. ಸಡಿಲಿಸುವ ಮುನ್ನ ಕೊಳವೆಗೆ ಗಾಳಿ ಹೊಡೆಯಿರಿ, ಇಲ್ಲದಿದ್ದರೆ ಅಲ್ಲಿನ ಮಣ್ಣು ಸೀದಾ ಸಿಲಿಂಡರಿಗೆ. ಎಂಟೂ ಪ್ಲಗ್ ತೆಗೆದು ಕ್ರಮವಾಗಿ ಇಡಿ, ಒಳಗೆ ಬೋರ್‌ಸ್ಕೋಪ್ (ತೂತಿನಲ್ಲಿ ಇಳಿಸುವ ಸಣ್ಣ ಕ್ಯಾಮೆರಾ) ಇಳಿಸಿ ಫೋಟೋ ತೆಗೆಯಿರಿ. ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ತೆಳು ಆಯಿಲ್ ಹಾಕಿ ಎರಡು ಮೂರು ದಿನ ಬಿಡಿ. ಆಮೇಲೆ ವಾಲ್ವ್ ಕವರ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಇನ್ನೊಬ್ಬರು 16 ವಾಲ್ವ್‌ಗಳೂ ಇಳಿದು ಮತ್ತೆ ಏಳುತ್ತವೆಯೇ ನೋಡುತ್ತಿರಲಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಅಲ್ಲಿಗೇ ಬಿಡಿ.

ಮುಂದೆ ಸ್ಟಾರ್ಟ್ ಮಾಡಿಸುವುದೇ ಆದರೆ ಮೊದಲು ಆಯಿಲ್ ಪಂಪ್ ಪ್ರೈಮ್ ಮಾಡಿಸಬೇಕು, ಅಂದರೆ ಇಂಜಿನ್ ಓಡುವ ಮೊದಲೇ ಆಯಿಲ್ ಎಲ್ಲೆಡೆ ಹರಿಸಬೇಕು. ಡಿಸ್ಟ್ರಿಬ್ಯೂಟರ್ ತೆಗೆದು, ಕೆಳಗಿನ ಗೇರ್ ಶಾಫ್ಟಿನ ತಲೆಯ ಸೀಳು ಯಾವ ದಿಕ್ಕಿಗಿತ್ತು ಎಂದು ಗುರುತು ಹಾಕಿ ಅದನ್ನೂ ಎತ್ತಿ, 5/16 ಇಂಚಿನ ಷಟ್ಕೋನ ಸಲಾಕೆಯನ್ನು ಡ್ರಿಲ್‌ಗೆ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ಸರಿಸುತ್ತಾ, ಎಲ್ಲ ರಾಕರ್‌ಗೂ ಆಯಿಲ್ ಬರುವ ತನಕ. ಗುರುತು ಹಾಕದೆ ಶಾಫ್ಟ್ ವಾಪಸ್ ಕೂರಿಸಿದರೆ ಟೈಮಿಂಗ್ ತಪ್ಪುತ್ತದೆ. ಕಂಪ್ರೆಶನ್ 12.5ಕ್ಕೆ 1, ಬಂಕಿನ ಮಾಮೂಲಿ ಪೆಟ್ರೋಲ್ ಹಾಕಿದರೆ ನಾಕ್ ಆಗಿ ಪಿಸ್ಟನ್ ಹೋಗುತ್ತದೆ. 110 ಆಕ್ಟೇನ್ ರೇಸ್ ಇಂಧನವೇ ಬೇಕು. ಆಯಿಲ್ ಕೂಡ ಸತು ಹೆಚ್ಚಿರುವುದು, ಇಲ್ಲದಿದ್ದರೆ ಕ್ಯಾಮ್ ಸವೆಯುತ್ತದೆ.

ಕಾಗದಪತ್ರದಲ್ಲೇ ಹೆಚ್ಚಿನ ವ್ಯಾಪಾರ ಮುರಿಯುವುದು. ಡ್ರ್ಯಾಗ್ ಗಾಡಿಗಳು ರಸ್ತೆಗೆ ಇಳಿಯದ್ದರಿಂದ ಎಷ್ಟೋ ಗಾಡಿಗಳಿಗೆ ಟೈಟಲ್ (ಸರ್ಕಾರ ಕೊಡುವ ಮಾಲೀಕತ್ವದ ಪತ್ರ) ಮಾಡಿಸಿಯೇ ಇಲ್ಲ, ಬರೀ ಬಿಲ್ ಆಫ್ ಸೇಲ್‌ನಲ್ಲಿ (ಮಾರಾಟದ ಚೀಟಿಯಲ್ಲಿ) ಕೈ ಬದಲಾಗಿವೆ. ಮಾವನವರ ಹೆಸರಿನಲ್ಲಿ ಟೈಟಲ್ ಇದ್ದರೆ, ಅದರ ಮೇಲಿನ ವಿಐಎನ್ ಮತ್ತು ಡ್ಯಾಶ್ ಮೇಲಿನದು ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಗುಮಾಸ್ತರು ಓ ಅಕ್ಷರವನ್ನು ಸೊನ್ನೆ ಎಂದು ಟೈಪ್ ಮಾಡಿರುವುದು ತೀರಾ ಸಾಮಾನ್ಯ, ಮಾರುವ ಮುಂಚೆಯೇ ತಿದ್ದಿಸಿ. ಮಾರುವ ಹಕ್ಕು ಪ್ರೊಬೇಟ್ ಕೋರ್ಟ್ (ತೀರಿಕೊಂಡವರ ಆಸ್ತಿ ವಿಷಯ ನೋಡುವ ಕೋರ್ಟ್) ನೇಮಿಸಿದವರಿಗೆ, ಅಂದರೆ ನಿಮ್ಮ ಮನೆಯವರೋ ಅವರ ಅಣ್ಣನೋ, ಅವರೇ ಸಹಿ ಹಾಕಬೇಕು, ಓಹಾಯೋದಲ್ಲಿ ನೋಟರಿ ಎದುರೇ. ಟೈಟಲ್ ಇಲ್ಲದಿದ್ದರೆ ಕೋರ್ಟ್ ಮೂಲಕ ಪಡೆಯುವ ದಾರಿ ಇದೆ, ಕೌಂಟಿಯ ಟೈಟಲ್ ಕಚೇರಿಯಲ್ಲಿ ಕೇಳಿ. ಇನ್ನೊಂದು: ಪಿತ್ರಾರ್ಜಿತವಾಗಿ ಬಂದ ಗಾಡಿಗೆ ತೆರಿಗೆ ಲೆಕ್ಕದ ಮೂಲಬೆಲೆ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ. ಆ ತಾರೀಖಿಗೆ ಲಿಖಿತ ಮೌಲ್ಯಮಾಪನ ಮಾಡಿಸಿಟ್ಟುಕೊಂಡರೆ ತೆರಿಗೆಯಲ್ಲಿ ಬಹಳ ಉಳಿಯುತ್ತದೆ.

ಎಲ್ಲಿ ಮಾರುವುದು? ಅಸಲಿ ಎಂದು ಖಚಿತವಾದರೆ ಮೆಕಮ್‌ನಂಥ ಹರಾಜು, ಜನವರಿಯ ಕಿಸ್ಸಿಮಿ ಅಥವಾ ಮೇ ತಿಂಗಳ ಇಂಡಿಯಾನಾಪೊಲಿಸ್. ಮಾರುವವರ ಕಮಿಷನ್ ಮಾತುಕತೆಗೆ ಬಗ್ಗುತ್ತದೆ, ಅಪರೂಪದ ಗಾಡಿಗಂತೂ ಖಂಡಿತ. ರಿಸರ್ವ್ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಬೆಲೆ) ಇಲ್ಲದೆ ಒಪ್ಪಬೇಡಿ, ಗಾಡಿ ಬಿಡ್ ಆಗುವ ದಿನ ಮತ್ತು ಸಮಯವನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಬೆಳಿಗ್ಗೆ ಬೇಗ ಹೋದ ಗಾಡಿಗೆ ಕೊಳ್ಳುವವರೇ ಇರುವುದಿಲ್ಲ. ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಖರ್ಚು ಕಡಿಮೆ, ಬಲ್ಲವರು ಕೇಳುವ ಪ್ರಶ್ನೆಗೆ ದಿನವೂ ಉತ್ತರಿಸುವ ತಾಳ್ಮೆ ಬೇಕು. ನನ್ನನ್ನು ಕೇಳಿದರೆ, ಮೊದಲು ಗಾಡಿಯನ್ನು ಈ ಮಾದರಿ ಬಲ್ಲ ತಜ್ಞರಿಗೆ ಹಣ ಕೊಟ್ಟು ತೋರಿಸಿ ಲಿಖಿತ ವರದಿ ತೆಗೆದುಕೊಳ್ಳಿ. ಆ ತಜ್ಞರು ಕೊಳ್ಳುವವರೂ ಆಗಿರಬಾರದು. ನಿಮ್ಮ ಓಹಾಯೋದ ಮೋಪಾರ್ ನ್ಯಾಷನಲ್ಸ್ ಮೇಳ (ಕ್ರೈಸ್ಲರ್ ಗಾಡಿಗಳದು), ನವೆಂಬರಿನಲ್ಲಿ ಷಿಕಾಗೋ ಪಕ್ಕದ ರೋಸ್‌ಮಾಂಟ್‌ನ ಮಸಲ್ ಕಾರ್ ಪ್ರದರ್ಶನ, ಇಂಥ ಕಡೆ ಹೋಗಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಗಾಡಿಯನ್ನು ಭಾರತಕ್ಕೆ ಸಾಗಿಸುವ ಯೋಚನೆ ಬೇಡ. ಇದನ್ನು ಬಲ್ಲ ಕೊಳ್ಳುವವರು, ಬಿಡಿಭಾಗ, ರೇಸು ಎಲ್ಲ ಅಮೆರಿಕದಲ್ಲೇ ಇವೆ.

ಜಾಹೀರಾತಿನಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಬದಲಾದ ಭಾಗ ಇಂಥವು ಎಂದು ಬಿಡಿಸಿ ಬರೆಯಿರಿ. ಗಾಡಿಯ ಕೆಳಭಾಗದ್ದೂ ಸೇರಿ ನೂರಾದರೂ ಫೋಟೋ ಇರಲಿ. ಹೊಸದರಲ್ಲೇ ಇವಕ್ಕೆ ‘ಸಾರ್ವಜನಿಕ ರಸ್ತೆಗಲ್ಲ’ ಎಂಬ ಸ್ಟಿಕರ್ ಅಂಟಿಸಿ, ವಾರಂಟಿ ಇಲ್ಲದೆ ಮಾರಿದ್ದರು. ನಿಮ್ಮ ಮಾರಾಟ ಪತ್ರದಲ್ಲೂ ಇದ್ದ ಸ್ಥಿತಿಯಲ್ಲಿ, ಸ್ಪರ್ಧೆಯ ಬಳಕೆಗೆ ಮಾತ್ರ ಎಂದು ಬರೆಸಿ. ಹಣ ಬ್ಯಾಂಕ್ ವೈರ್ ಮೂಲಕವೇ ಬರಲಿ. ಬಂತೇ ಎಂದು ನಿಮ್ಮ ಬ್ಯಾಂಕಿಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಟೈಟಲ್ ಕೊಡಿ. ಕ್ಯಾಶಿಯರ್ ಚೆಕ್ಕಿನಲ್ಲಿ (ಬ್ಯಾಂಕೇ ಬರೆದುಕೊಡುವ ಚೆಕ್ಕು) ಖೋಟಾ ಹೆಚ್ಚು, ಹೆಚ್ಚುವರಿ ಹಣ ಕಳಿಸಿ ‘ಉಳಿದದ್ದು ಸಾಗಣೆಯವರಿಗೆ ಕೊಡಿ’ ಅನ್ನುವವರಂತೂ ಮೋಸಗಾರರೇ.

ಸಾಗಣೆಗೆ ಮುಚ್ಚಿದ ಟ್ರೇಲರ್. ಬಾನೆಟ್‌ಗೆ ಕೀಲು ಇಲ್ಲ, ನಾಲ್ಕು ಪಿನ್ ತೆಗೆದು ಇಬ್ಬರು ಎರಡು ಕಡೆ ಹಿಡಿದು ಎತ್ತಬೇಕು. ಒಬ್ಬರೇ ಎತ್ತಲು ಹೋದರೆ ಮೂಲೆ ಸೀಳುತ್ತದೆ. ಕಟ್ಟುವ ಪಟ್ಟಿ ಚಕ್ರಕ್ಕೆ ಅಥವಾ ಆಕ್ಸಲ್‌ಗೆ ಹಾಕಲಿ.

ಸದ್ಯ ಇಲ್ಲಿ ಮೂರು ಫೋಟೋ ಹಾಕಿ: ವಿಐಎನ್ ಪಟ್ಟಿ, ಫೆಂಡರ್ ಟ್ಯಾಗ್ ಇದ್ದರೆ ಅದು, ಪ್ಯಾಸೆಂಜರ್ ಕಡೆಯ ಶಾಕ್ ಟವರ್. ವಿಐಎನ್‌ನ ಕೊನೆಯ ಆರು ಅಂಕೆ, ಮತ್ತು ಟ್ಯಾಗ್ ಮೇಲೂ ಅವೇ ಅಂಕೆ ಇದ್ದರೆ ಅದನ್ನೂ, ಮುಚ್ಚಿಯೇ ಹಾಕಿ. ಅಂಥ ನಂಬರ್ ಕದ್ದು ನಕಲಿ ಗಾಡಿಗೆ ಹಾಕುವವರಿದ್ದಾರೆ.